ಮಾರ್ಟಿನ್ ಗಿಟಾರಿನ ಬೆಲೆ: ಬೀಟೆ ಮರ, ಸೀರಿಯಲ್ ಸಂಖ್ಯೆ ಮತ್ತು 1969ರ ಗೆರೆ

ಅಮೆರಿಕದ ಮಾರ್ಟಿನ್ ಕಂಪನಿಯ ಡಿ-28 ಮಾದರಿಯ ಎರಡು ಗಿಟಾರುಗಳು: 1968ರದ್ದೊಂದು, 1971ರ ಇನ್ನೊಂದು. ಪಕ್ಕಪಕ್ಕ ಇಟ್ಟರೆ ಆಕಾರ, ಅಳತೆ, ಮುಂಭಾಗದ ಸ್ಪ್ರೂಸ್ ಹಲಗೆ ಎಲ್ಲವೂ ಒಂದೇ. ಆದರೂ ಹಳೆ ಗಿಟಾರುಗಳ ಮಾರುಕಟ್ಟೆಯಲ್ಲಿ ಮೊದಲನೆಯದಕ್ಕೆ ಎರಡನೆಯದರ ಎರಡು ಪಟ್ಟು ಕೇಳುವುದು ಮಾಮೂಲು. ಕಾರಣ ಬೆನ್ನು ಮತ್ತು ಪಕ್ಕೆಗಳ ಮರ. ಮೊದಲನೆಯದರಲ್ಲಿರುವುದು ಬ್ರೆಜಿಲಿನ ರೋಸ್‌ವುಡ್. ಎರಡನೆಯದರಲ್ಲಿರುವುದು ದಕ್ಷಿಣ ಭಾರತದ ಬೀಟೆ, ಅಂದರೆ ಮೈಸೂರಿನ ಇನ್‌ಲೇ ಕುಶಲಕರ್ಮಿಗಳು ಬಳಸುವ ಅದೇ ಮರ.

ಕಂಪನಿಯ ಸ್ಥಾಪಕ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಹುಟ್ಟಿದ್ದು 1796ರಲ್ಲಿ, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಮಾರ್ಕ್‌ನೊಯ್‌ಕಿರ್ಶೆನ್‌ನಲ್ಲಿ. ವಿಯೆನ್ನಾದಲ್ಲಿ ಗಿಟಾರ್ ತಯಾರಕ ಸ್ಟೌಫರ್ ಬಳಿ ಕಸುಬು ಕಲಿತು ಊರಿಗೆ ಮರಳಿದರೆ ಅಲ್ಲಿ ಬೇರೆಯದೇ ಜಗಳ. ಗಿಟಾರ್ ಮಾಡುವ ಹಕ್ಕು ತಮ್ಮದೆಂದು ಪಿಟೀಲು ತಯಾರಕರ ಸಂಘ ಪಟ್ಟು ಹಿಡಿದಿತ್ತು. ಮಾರ್ಟಿನ್ ಮನೆತನ ಬಡಗಿಗಳ ಸಂಘಕ್ಕೆ ಸೇರಿದ್ದು. ಬೇಸತ್ತ ಆತ 1833ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಂಗಡಿ ತೆರೆದ, ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ನಜರೆತ್‌ಗೆ ನೆಲೆ ಬದಲಿಸಿದ. ಕಂಪನಿ ಇವತ್ತಿಗೂ ಅಲ್ಲೇ ಇದೆ.

ಬೆಲೆಯ ಲೆಕ್ಕ ಶುರುವಾಗುವುದು ಗಿಟಾರಿನ ಹೊಟ್ಟೆಯೊಳಗೆ. ಹಲಗೆಯ ಅಡಿಯಲ್ಲಿ ಎಕ್ಸ್ ಆಕಾರದಲ್ಲಿ ಅಂಟಿಸುವ ಪಟ್ಟಿಗಳನ್ನು ಮಾರ್ಟಿನ್ 1840ರ ದಶಕದಲ್ಲೇ ಬಳಸಿದ್ದ. ಮುಂದೆ ಉಕ್ಕಿನ ತಂತಿಗಳು ಬಂದಾಗ ಅವುಗಳ ಎಳೆತ ತಾಳಿದ್ದು ಇದೇ ವಿನ್ಯಾಸ. ಈ ಪಟ್ಟಿಗಳನ್ನು ನಡುವೆ ಕೆತ್ತಿ ಹಗುರ ಮಾಡುವುದಕ್ಕೆ ಸ್ಕ್ಯಾಲಪ್ಡ್ ಬ್ರೇಸಿಂಗ್ ಎನ್ನುತ್ತಾರೆ. ಹಲಗೆ ಸಲೀಸಾಗಿ ಕಂಪಿಸುತ್ತದೆ, ಮಂದ್ರದ ದನಿ ತುಂಬಿ ಬರುತ್ತದೆ. ಆದರೆ ವಾದಕರು ದಪ್ಪ ತಂತಿ ಹಾಕತೊಡಗಿದಾಗ ಹಲಗೆಗಳು ಉಬ್ಬಿ ರಿಪೇರಿಗೆ ಬರಲಾರಂಭಿಸಿದವು. 1944ರ ಕೊನೆಗೆ ಕಂಪನಿ ಕೆತ್ತನೆ ನಿಲ್ಲಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಡಿ-28ರ ಅಂಚಿನ, ಮೀನಿನ ಮುಳ್ಳಿನಂಥ ವಿನ್ಯಾಸದ ಹೆರಿಂಗ್‌ಬೋನ್ ಪಟ್ಟಿಯೂ ಹೋಯಿತು. ಜರ್ಮನಿಯಿಂದ ತರಿಸಿದ್ದ ದಾಸ್ತಾನು ಖಾಲಿಯಾಗಿತ್ತು, ಅಷ್ಟೇ. ಈ ಎರಡೂ ಇರುವ ಗಿಟಾರುಗಳೇ ಮುಂದೆ ಸಂಗ್ರಾಹಕರ ಕನಸಾದವು. ಯುದ್ಧಪೂರ್ವ ಡಿ-45ಗಳು ಇನ್ನೂ ಮೇಲಿನ ಮೆಟ್ಟಿಲು: 1933ರಲ್ಲಿ ಗಾಯಕ ಜೀನ್ ಆಟ್ರಿಗಾಗಿ ಮೊದಲನೆಯದನ್ನು ಮಾಡಿ, 1942ರಲ್ಲಿ ನಿಲ್ಲಿಸುವವರೆಗೆ ತಯಾರಾದದ್ದು ಒಟ್ಟು 91.

ಇನ್ನು ಮರದ ಕತೆ. ಜಾನಪದ ಸಂಗೀತದ ಅಲೆ ಎದ್ದ 1960ರ ದಶಕದಲ್ಲಿ ಬೇಡಿಕೆ ಏರಿತು, ಅಗಲವಾದ ಬ್ರೆಜಿಲಿಯನ್ ಹಲಗೆ ಸಿಗುವುದು ಕಡಿಮೆಯಾಯಿತು. 1965ರಲ್ಲಿ ಬಂದ ಡಿ-35ರ ಬೆನ್ನು ಮೂರು ತುಂಡುಗಳದ್ದು. ಅಂದಕ್ಕಿಂತ ಹೆಚ್ಚಾಗಿ, ಉಳಿದ ಕಿರಿದಾದ ತುಂಡುಗಳು ವ್ಯರ್ಥವಾಗದಿರಲಿ ಎಂಬ ಉಪಾಯ ಅದು. ಬ್ರೆಜಿಲ್ ದಿಮ್ಮಿಗಳ ರಫ್ತನ್ನು ತಡೆದ ಮೇಲೆ, 1969ರ ಕೊನೆಯಲ್ಲಿ ಕಂಪನಿ ಭಾರತದ ಬೀಟೆಗೆ ಬದಲಾಯಿತು. ಬ್ರೆಜಿಲಿನ ಮರ 1992ರಲ್ಲಿ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಮೊದಲ ಅನುಬಂಧ ಸೇರಿತು. ಅಂದರೆ ಗಡಿ ದಾಟಿಸಿ ಮಾರಲು ಅದು ನಿಷೇಧಕ್ಕೂ ಮುಂಚಿನ ಮರವೆಂಬ ಕಾಗದಪತ್ರ ಬೇಕೇ ಬೇಕು. ಅಮೆರಿಕದಲ್ಲಿ ಹಳೆ ಡಿ-28 ಅಗ್ಗಕ್ಕೆ ಸಿಕ್ಕಿತೆಂದು ಸೂಟ್‌ಕೇಸಿನ ಜೊತೆ ಊರಿಗೆ ತರುವ ಆಲೋಚನೆಯಿದ್ದವರು ಇದನ್ನು ಮೊದಲೇ ವಿಚಾರಿಸಬೇಕು. ಬೀಟೆಯನ್ನೂ ಒಳಗೊಂಡ ಇಡೀ ಡಾಲ್ಬರ್ಜಿಯಾ ಕುಲ 2017ರಲ್ಲಿ ಎರಡನೇ ಅನುಬಂಧಕ್ಕೆ ಬಂತಾದರೂ, ತಯಾರಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ನಾದದ ಮಾತು ಬೇರೆ. ಕಣ್ಣು ಕಟ್ಟಿ ಕೇಳಿಸಿದರೆ ಬ್ರೆಜಿಲ್ ಯಾವುದು, ಬೀಟೆ ಯಾವುದು ಎಂದು ಹೇಳಲು ನುರಿತವರೂ ತಡವರಿಸುತ್ತಾರೆ. ಆ ಎರಡು ಪಟ್ಟು ಹಣ ಹೋಗುವುದು ಬಹುಪಾಲು ವಿರಳತೆಗೆ.

ಇಸವಿಯನ್ನು ಮಾರುವವರ ಬಾಯಿಂದ ಕೇಳಬೇಕಿಲ್ಲ. ಮುಂಭಾಗದ ದುಂಡು ತೂತಾದ ಸೌಂಡ್‌ಹೋಲ್ ಮೂಲಕ ಟಾರ್ಚ್ ಬಿಟ್ಟು, ಸಣ್ಣ ಕನ್ನಡಿಯಲ್ಲಿ ನೆಕ್ಕಿನ (ಕತ್ತಿನ) ಬುಡದ ದಿಮ್ಮಿ ನೋಡಿ. ಸೀರಿಯಲ್ ಸಂಖ್ಯೆ ಅಲ್ಲಿ ಒತ್ತಿರುತ್ತದೆ. 1930ರ ಕೊನೆಯಿಂದ ಮಾಡೆಲ್ ಹೆಸರೂ ಜೊತೆಗಿರುತ್ತದೆ. 1898ರಲ್ಲಿ 8000ದಿಂದ ಶುರುವಾದ ಈ ಸರಣಿ 2004ರಲ್ಲಿ ಹತ್ತು ಲಕ್ಷ ಮುಟ್ಟಿತು, 2017ರಲ್ಲಿ ಇಪ್ಪತ್ತು ಲಕ್ಷ. ಪ್ರತಿ ವರ್ಷದ ಕೊನೆಯ ಸಂಖ್ಯೆಯನ್ನು ಕಂಪನಿಯೇ ಪ್ರಕಟಿಸಿದೆ: 1944ಕ್ಕೆ 90149, 1969ಕ್ಕೆ 256003. ಸಂಖ್ಯೆ 271000 ಇರುವ ಡಿ-28 ಅನ್ನು ಯಾರಾದರೂ ‘ಬ್ರೆಜಿಲಿಯನ್’ ಎಂದು ತೋರಿಸಿದರೆ ಅಲ್ಲಿಂದ ಎದ್ದು ಬರಬಹುದು. ನಕಲಿ ಡಿ-45ಗಳ ಕಾಟವೂ ಇದೆ. ನೆಕ್ಕಿನ ಬಾಗನ್ನು ಹೊಂದಿಸುವ, ಅದರೊಳಗಿನ ಲೋಹದ ಸರಳಾದ ಟ್ರಸ್ ರಾಡ್ ಮಾರ್ಟಿನ್‌ನಲ್ಲಿ ಬಂದದ್ದು 1985ರಲ್ಲಿ, ಅದನ್ನು ತಿರುಗಿಸುವುದು ಸೌಂಡ್‌ಹೋಲ್ ಒಳಗಿಂದ. ನೆಕ್ಕಿನ ತುದಿಯ ಹೆಡ್‌ಸ್ಟಾಕ್ ಮೇಲೆ ಟ್ರಸ್ ರಾಡಿನ ಪುಟ್ಟ ಮುಚ್ಚಳ ಕಂಡರೆ ಅನುಮಾನಪಡಿ.

ಇಸವಿ ಗೊತ್ತಾದ ಮೇಲೆ ನಿಜವಾದ ತಪಾಸಣೆ. ಆರು ತಂತಿಗಳು ಒಟ್ಟಾಗಿ ಸುಮಾರು 70-75 ಕಿಲೊ ಬಲದಿಂದ ಹಗಲು ರಾತ್ರಿ ಎಳೆಯುತ್ತಿರುತ್ತವೆ. ಹಲವು ದಶಕಗಳಲ್ಲಿ ಪೆಟ್ಟಿಗೆಯೇ ತುಸು ಮಡಚಿಕೊಂಡು ನೆಕ್ ಮುಂದಕ್ಕೆ ವಾಲುತ್ತದೆ. ಇದು ತಯಾರಿಕೆಯ ದೋಷವಲ್ಲ, ಹಳೆ ಮಾರ್ಟಿನ್‌ಗೆ ವಯಸ್ಸಾದ ಗುರುತು. ಉದ್ದನೆಯ ನೇರ ಪಟ್ಟಿಯನ್ನು ಫ್ರೆಟ್‌ಗಳ (ನೆಕ್ ಮೇಲಿನ ಲೋಹದ ಅಡ್ಡಗೆರೆಗಳ) ಮೇಲೆ ಮಲಗಿಸಿ ಬ್ರಿಜ್ (ತಂತಿಗಳನ್ನು ಹಲಗೆಗೆ ಬಿಗಿಯುವ ಮರದ ತುಂಡು) ಕಡೆಗೆ ತಳ್ಳಿ. ತುದಿ ಬ್ರಿಜ್‌ನ ಮೇಲ್ಮೈ ಸವರಿಕೊಂಡು ಹೋದರೆ ಸರಿ. ಬ್ರಿಜ್‌ನ ಮುಖಕ್ಕೆ ಬಡಿದು ನಿಂತರೆ ನೆಕ್ ರೀಸೆಟ್, ಅಂದರೆ ನೆಕ್ ಕಳಚಿ ಕೋನ ಸರಿಪಡಿಸುವ ಕೆಲಸ, ಬಾಕಿ ಇದೆ. ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪ ತಂತಿಯ ಎತ್ತರ 2.4 ಮಿ.ಮೀ. ಸುತ್ತಮುತ್ತ ಇದ್ದು, ತಂತಿಗಳನ್ನು ಹೊರುವ ಪುಟ್ಟ ಪಟ್ಟಿಯಾದ ಸ್ಯಾಡಲ್ ಬ್ರಿಜ್‌ಗಿಂತ ಸುಮಾರು 3 ಮಿ.ಮೀ. ಎದ್ದು ಕಾಣಬೇಕು. ಸ್ಯಾಡಲ್ ಪೂರ್ತಿ ಹುದುಗಿದ್ದೂ ತಂತಿ ಎತ್ತರವಾಗಿದ್ದರೆ ಅದೇ ಕಾಯಿಲೆ. ಇದನ್ನು ಮುಚ್ಚಿಡಲು ಬ್ರಿಜ್‌ನ್ನೇ ಉಜ್ಜಿ ತೆಳ್ಳಗೆ ಮಾಡಿರುವುದುಂಟು: 8-9 ಮಿ.ಮೀ. ಇರಬೇಕಾದದ್ದು 6ಕ್ಕೆ ಇಳಿದಿದ್ದರೆ ಹೊಸ ಬ್ರಿಜ್‌ನ ಖರ್ಚೂ ಸೇರಿಸಿಕೊಳ್ಳಿ.

ರೀಸೆಟ್ ಮಾಡುವವರು ಹದಿನೈದನೇ ಫ್ರೆಟ್ ಕಿತ್ತು, ಅದು ಕೂತಿದ್ದ ಸೀಳಿನಲ್ಲಿ ಸಣ್ಣ ತೂತು ಕೊರೆದು, ನೆಕ್ಕನ್ನು ಪೆಟ್ಟಿಗೆಗೆ ಕೂಡಿಸುವ ಒಳಗಿನ ಡವ್‌ಟೇಲ್ ಕೀಲಿಗೆ ಹಬೆ ಹಾಯಿಸುತ್ತಾರೆ. ಅಂಟು ಸಡಿಲಾಗಿ ನೆಕ್ ಕಳಚಿಕೊಳ್ಳುತ್ತದೆ. ನೆಕ್ಕಿನ ಹಿಮ್ಮಡಿಯ (ಬುಡದ) ಅಂಚನ್ನು ಕೂದಲೆಳೆಯಷ್ಟು ಕೆರೆದು, ಕೋನ ಸರಿಪಡಿಸಿ ಮತ್ತೆ ಕೂರಿಸುತ್ತಾರೆ. ಅಮೆರಿಕದಲ್ಲಿ ಹಲವು ನೂರು ಡಾಲರ್ ಆಗುತ್ತದೆ. ಒಳ್ಳೆಯ ಕೈ ಮಾಡಿದ ರೀಸೆಟ್ ಬೆಲೆ ಇಳಿಸುವುದಿಲ್ಲ, ಬದಲಿಗೆ ಮುಂದಿನವರ ತಲೆನೋವು ತಪ್ಪಿಸುತ್ತದೆ. ಬೆಲೆಗೆ ನಿಜವಾದ ಹೊಡೆತ ಬೀಳುವುದು ಹಳೆ ಲ್ಯಾಕರ್ ಕೆರೆದು ಹೊಸ ಪಾಲಿಶ್ ಬಳಿದಾಗ. ಹೊಳೆಯುವ ಅಂಥ ಗಿಟಾರಿಗೆ ವ್ಯಾಪಾರಿಗಳು ಹೆಚ್ಚುಕಡಿಮೆ ಅರ್ಧ ಬೆಲೆಯನ್ನಷ್ಟೇ ಕಟ್ಟುತ್ತಾರೆ.

ಹಲಗೆಯನ್ನು ಗೀರುಗಳಿಂದ ಕಾಯುವ ಪ್ಲಾಸ್ಟಿಕ್ ಹಾಳೆಯಾದ ಪಿಕ್‌ಗಾರ್ಡ್ ಅಂಚಿನ ಬಿರುಕನ್ನು ಕಂಡು ಗಾಬರಿಯಾಗಬೇಕಿಲ್ಲ. 1980ರ ದಶಕದ ಮಧ್ಯದವರೆಗೂ ಪಿಕ್‌ಗಾರ್ಡನ್ನು ಲ್ಯಾಕರ್ ಇಲ್ಲದ ಬರಿ ಮರಕ್ಕೇ ಅಂಟಿಸುತ್ತಿದ್ದರು. ಪ್ಲಾಸ್ಟಿಕ್ ಕುಗ್ಗುವಾಗ ಮರವನ್ನೂ ಎಳೆದು ಸೀಳುತ್ತದೆ. ಬಿರುಕಿಗೆ ಅಂಟು ತುಂಬಿ ಒಳಗಿನಿಂದ ಆಸರೆ ಕೊಟ್ಟಿದ್ದರೆ ಸಾಕು. 1970ರ ದಶಕದ ಕೆಲವು ಗಿಟಾರುಗಳಲ್ಲಿ ಬ್ರಿಜ್‌ನ್ನೇ ತಪ್ಪು ಜಾಗದಲ್ಲಿ ಕೂರಿಸಿದ್ದಾರೆ. 1971ರಲ್ಲಿ 22 ಸಾವಿರಕ್ಕೂ ಹೆಚ್ಚು ಗಿಟಾರ್ ಮಾಡಿದ ಗಡಿಬಿಡಿಯ ಕಾಲ ಅದು. ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್‌ನ್ನೂ (ತಂತಿಯನ್ನು ಒತ್ತದೆ ಬರಿ ಮುಟ್ಟಿ ಮೀಟಿದ ಸ್ವರ) ಅಲ್ಲೇ ಒತ್ತಿ ಮೀಟಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿದರೆ ತಿಳಿದುಹೋಗುತ್ತದೆ. ಎಲ್ಲ ತಂತಿಗಳೂ ಒಂದೇ ದಿಕ್ಕಿಗೆ ತಪ್ಪಿದರೆ ಅನುಮಾನ ಬ್ರಿಜ್ ಮೇಲೆ.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಿಟಾರಿಗೆ ಹಿತವಾದ ತೇವಾಂಶ ಶೇ. 45ರಿಂದ 55. ಅಮೆರಿಕದ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ಹಲಗೆ ಒಣಗಿ ತಗ್ಗುತ್ತದೆ, ಫ್ರೆಟ್ ತುದಿಗಳು ಕೈಗೆ ತರಚುತ್ತವೆ. ಅದೇ ವಾದ್ಯ ಮಂಗಳೂರಿನ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಆದ್ದರಿಂದ ದೂರದಿಂದ ತರಿಸಿದ ಗಿಟಾರಿಗೆ ರೀಸೆಟ್ ಬೇಕೆಂದು ತೀರ್ಮಾನಿಸುವ ಮುಂಚೆ ಕೇಸಿನಲ್ಲಿ ತೇವಾಂಶ ಹದಕ್ಕೆ ತಂದು, ಎರಡು ಮೂರು ವಾರ ಬಿಟ್ಟು ಮತ್ತೆ ಅಳೆಯಬೇಕು.

ನುಡಿಸಲೆಂದೇ ಕೊಳ್ಳುವವರಿಗೆ ನಮ್ಮ ಶಿಫಾರಸು ರೀಸೆಟ್ ಆಗಿರುವ ಬೀಟೆಯ ಡಿ-28. ಕೆತ್ತಿದ ಬ್ರೇಸಿಂಗ್‌ನ ಆ ಹಳೆ ನಾದವೇ ಬೇಕೆನ್ನುವವರಿಗೆ ಎಚ್‌ಡಿ-28 ಇದೆ: ಕೆತ್ತನೆಯನ್ನೂ ಹೆರಿಂಗ್‌ಬೋನ್‌ನ್ನೂ ಕಂಪನಿ 1976ರಲ್ಲಿ ಅದರಲ್ಲೇ ಮರಳಿ ತಂದಿತು, ಬೆನ್ನಿಗೆ ಬೀಟೆಯನ್ನೇ ಇಟ್ಟುಕೊಂಡು. ಒಂದು ಮಾತು, ಕಂಪನಿಯ ಆಜೀವ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ‘ವಾರಂಟಿ ಇದೆ’ ಎಂಬ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಬಾಕಿಯಿರುವ ರಿಪೇರಿಯ ಅಂದಾಜನ್ನು ಬರೆಸಿಕೊಂಡು, ಅಷ್ಟನ್ನು ಕೇಳಿದ ಬೆಲೆಯಿಂದ ಕಳೆದು ಚೌಕಾಸಿ ಶುರುಮಾಡಿ.