ಊರು ಎಲ್ಲಿಗೆ ಮುಗಿಯುತ್ತದೆ?

ಕೊಪ್ಪಳದಲ್ಲಿ ರೈಲ್ವೆ ಹಳಿ ದಾಟಿದರೆ ಭಾಗ್ಯನಗರ. ಮನೆಗಳ ಸಾಲು ಕಡಿಯುವುದಿಲ್ಲ. ಅದೇ ಧೂಳು, ಅದೇ ಮಿರ್ಚಿ ಬಂಡಿ. ಆದರೆ ಈ ಕಡೆ ನಗರಸಭೆ, ಆ ಕಡೆ ಪಟ್ಟಣ ಪಂಚಾಯಿತಿ. 2011ರ ಜನಗಣತಿ ಕೊಪ್ಪಳಕ್ಕೆ ಕೊಟ್ಟ ಅಂಕಿ ಸುಮಾರು 70 ಸಾವಿರ. ಹಳಿಯ ಆಚೆಯವರು ಅದರಲ್ಲಿಲ್ಲ. ದಿನಾ ಕೊಪ್ಪಳಕ್ಕೆ ಬಂದು ಹೋಗುವವರೇ, ಲೆಕ್ಕದಲ್ಲಿ ಮಾತ್ರ ಬೇರೆ ಊರಿನವರು.

ಊರುಗಳ ಜನಸಂಖ್ಯೆಯ ಪಟ್ಟಿ ಹಿಡಿದು ಜಗಳಕ್ಕೆ ಬರುವವರನ್ನು ನಾನು ಕೇಳುವುದು ಒಂದೇ: ಗೆರೆ ಎಲ್ಲಿ ಎಳೆದಿರಿ? ಹುಬ್ಬಳ್ಳಿ-ಧಾರವಾಡ ದೊಡ್ಡದಾ, ಮೈಸೂರು ದೊಡ್ಡದಾ ಎನ್ನುವ ಹಳೇ ಜಗಳವನ್ನೇ ತಗೊಳ್ಳಿ. 2011ರಲ್ಲಿ ಪಾಲಿಕೆಯ ಗಡಿಯೊಳಗಷ್ಟೇ ಎಣಿಸಿದರೆ ಹುಬ್ಬಳ್ಳಿ-ಧಾರವಾಡ 9.4 ಲಕ್ಷ, ಮೈಸೂರು ಅದಕ್ಕಿಂತ ಕಡಿಮೆ. ಅಂಟಿಕೊಂಡು ಬೆಳೆದ ಊರುಗಳನ್ನೂ ಸೇರಿಸಿದರೆ ಮೈಸೂರು 9.9 ಲಕ್ಷ. ಇಬ್ಬರೂ ಗೆದ್ದರು, ಜಗಳ ಮುಂದುವರಿಯಲಿ.

'ಪಟ್ಟಣ' ಅನ್ನಿಸಿಕೊಳ್ಳುವುದಕ್ಕೂ ನಮ್ಮ ಜನಗಣತಿಯಲ್ಲಿ ಷರತ್ತುಗಳಿವೆ. ನಗರಸಭೆ, ಪುರಸಭೆಯಂಥದ್ದು ಇದ್ದರೆ ಸರಿ. ಇಲ್ಲದಿದ್ದರೆ ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400 ಜನ, ದುಡಿಯುವ ಗಂಡಸರಲ್ಲಿ ಶೇ 75 ಮಂದಿ ಹೊಲದ ಕೆಲಸ ಬಿಟ್ಟು ಬೇರೆ ಕಸುಬಿನಲ್ಲಿರಬೇಕು. (ಹೆಂಗಸರ ದುಡಿಮೆ ಇಲ್ಲಿ ಲೆಕ್ಕಕ್ಕೇ ಇಲ್ಲ, ನೋಡಿ.) ಹಾಗಾಗಿ ಕಾಲುವೆ ಪಕ್ಕ ರೈತರು ಬಂದು ನೆಲೆಸಿದ ಊರು, ಅಂದರೆ ನಮ್ಮ ಕಡೆಯ ಕ್ಯಾಂಪ್ ಒಂದರಲ್ಲಿ ಆರು ಸಾವಿರ ಜನ ತುಂಬಿದ್ದರೂ, ಎಲ್ಲರೂ ಭತ್ತ ಬೆಳೆಯುವವರಾದರೆ ಅದು ಹಳ್ಳಿಯೇ.

ಇನ್ನೊಂದು ದೇಶದಲ್ಲಿ ಇನ್ನೊಂದು ಷರತ್ತು. ಹೋಲಿಸುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಲು ಇಷ್ಟ. ಭೂಮಿಯ ಮೇಲೆ ಒಂದೊಂದು ಚದರ ಕಿಲೋಮೀಟರಿನ ಚೌಕಗಳನ್ನು ಹಾಕಿ. ಗಂಗಾವತಿ ಕಡೆ ರಸ್ತೆಯಲ್ಲಿ ಭತ್ತ ಒಣಹಾಕಿರುತ್ತಾರಲ್ಲ, ಅದರ ಮೇಲೆ ಚೌಕಾಬಾರದ ಮನೆ ಬರೆದ ಹಾಗೆ. ಕಾಳು ದಪ್ಪಗಿರುವ ಮನೆಗಳನ್ನಷ್ಟೇ ಆರಿಸಿ, ಅಂದರೆ 1,500 ಜನ ಅಥವಾ ಜಾಸ್ತಿ ಇರುವವು. ಪಕ್ಕಪಕ್ಕದವನ್ನು ಕೂಡಿಸಿ. ಒಟ್ಟು 50 ಸಾವಿರ ದಾಟಿತೋ, ಅದು ನಗರ. ಪಾಲಿಕೆ, ಪಂಚಾಯಿತಿ ಯಾವುದನ್ನೂ ಕೇಳಬೇಕಿಲ್ಲ.

ಭತ್ತ ಬೇಡವೆಂದರೆ ನೀರು ನೋಡಿ. ತುಂಗಭದ್ರಾ ಡ್ಯಾಮ್ ತುಂಬಿದಾಗ ಹಿನ್ನೀರಿನ ದಿಬ್ಬಗಳು ಬೇರೆ ಬೇರೆ ನಡುಗಡ್ಡೆಗಳು. ಬೇಸಿಗೆಯಲ್ಲಿ ನೀರು ಇಳಿದರೆ ಎಲ್ಲ ಒಂದೇ ನೆಲ. ದಿಬ್ಬ ಬೆಳೆಯಲಿಲ್ಲ, ನೀರು ಇಳಿಯಿತು ಅಷ್ಟೇ. ಆ 1,500 ಎನ್ನುವುದೇ ಇಲ್ಲಿ ನೀರಿನ ಮಟ್ಟ. ಅದನ್ನು ಇಳಿಸುತ್ತಾ ಹೋದರೆ ಹೊಸಪೇಟೆ, ತೋರಣಗಲ್ಲು, ಬಳ್ಳಾರಿ ಒಂದೇ ಊರಾದಾವು, ಒಬ್ಬರೂ ಮನೆ ಬದಲಿಸದೆ!

ವಿಶ್ವಸಂಸ್ಥೆ 2025ರಲ್ಲಿ ಈ ಚೌಕದ ಲೆಕ್ಕಕ್ಕೆ ಬಂತು. 2018ರ ಪಟ್ಟಿಯಲ್ಲಿ ಒಂದು ಕೋಟಿ ಚಿಲ್ಲರೆ ಇದ್ದ ಜಕಾರ್ತ ಈಗ ಸುಮಾರು 4.2 ಕೋಟಿ! ಮೊದಲ ಸ್ಥಾನದಲ್ಲಿದ್ದ ಟೋಕಿಯೊ ಮೂರಕ್ಕೆ ಇಳಿಯಿತು. ಏಳು ವರ್ಷದಲ್ಲಿ ಮೂರು ಕೋಟಿ ಜನ ಜಕಾರ್ತಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋದರೇ? ಇಲ್ಲ, ಬದಲಾದದ್ದು ಅಳತೆ.

ಇಷ್ಟೆಲ್ಲ ಹೇಳಿದ ಮೇಲೂ ವಾಟ್ಸಾಪಿನಲ್ಲಿ ಬರುತ್ತದೆ: 'ಹಂಪಿ ಆಗ ಜಗತ್ತಿನ ಎರಡನೇ ದೊಡ್ಡ ನಗರ, ಜನಸಂಖ್ಯೆ ಇಷ್ಟೇ ಲಕ್ಷ.' ಎಣಿಸಿದವರು ಯಾರು ಸ್ವಾಮಿ? ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ಚುಗಲ್‌ನ ಡೊಮಿಂಗೊ ಪಾಯಸ್ ಅಲ್ಲಿಗೆ ಬಂದಿದ್ದ. ಊರನ್ನು ನೋಡಲು ಒಂದು ಗುಡ್ಡ ಹತ್ತಿದ. ಸಾಲು ಸಾಲು ಗುಡ್ಡಗಳ ನಡುವೆ ಊರು ಹಬ್ಬಿತ್ತು, ಪೂರ್ತಿ ಕಾಣಲಿಲ್ಲ. ಕಂಡಷ್ಟೇ ರೋಮ್‌ನಷ್ಟು ದೊಡ್ಡದು ಅಂತ ಬರೆದ. ಜನ ಎಷ್ಟೆಂದು ಮಾತ್ರ ಬರೆಯಲಿಲ್ಲ. ಬರೆದರೆ ಕಟ್ಟುಕತೆ ಅಂದುಕೊಂಡಾರು ಎಂಬ ಅಂಜಿಕೆ ಅವನಿಗೆ.