ಕುರ್ಚಿಯಿಂದ ಕೈಯೂರದೆ ಏಳುವ ಬಲ

60 ದಾಟಿದ ಮಹಿಳೆಯರು ಮಂಡಿನೋವೆಂದೋ ಬೆನ್ನುನೋವೆಂದೋ ಫಿಸಿಯೋಥೆರಪಿಗೆ ಬಂದಾಗ, ನಾನು ಮೊದಲು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಎದ್ದು ನಿಲ್ಲುವಂತೆ ಕೇಳುತ್ತೇನೆ. ತಪ್ಪದೆ ವಾಕಿಂಗ್ ಮಾಡುವವರಲ್ಲೂ ಹಲವರಿಗೆ ಇದು ಸಾಧ್ಯವಾಗುವುದಿಲ್ಲ. ನಡಿಗೆ ಹೃದಯಕ್ಕೆ ಹಿತವೇ ಹೌದು. ಆದರೆ ತೊಡೆ ಮತ್ತು ಸೊಂಟದ ಸ್ನಾಯುಗಳು ಬಲಗೊಳ್ಳಲು ಅಷ್ಟು ಶ್ರಮ ಸಾಲದು, ಅದಕ್ಕೆ ಭಾರ ಎತ್ತುವ ವ್ಯಾಯಾಮ ಬೇಕು.

30ರ ನಂತರ ಪ್ರತಿ ದಶಕಕ್ಕೆ ಸ್ನಾಯುಗಳು ಸುಮಾರು ಶೇ 3ರಿಂದ 8ರಷ್ಟು ಕುಗ್ಗುತ್ತವೆ, 60ರ ನಂತರ ಈ ವೇಗ ಇನ್ನೂ ಹೆಚ್ಚುತ್ತದೆ. ಅದರಲ್ಲೂ ಹೆಚ್ಚು ಸೊರಗುವುದು ಚುರುಕಾಗಿ ಸಂಕುಚಿಸುವ ಎಳೆಗಳು. ಎಡವಿದಾಗ ಥಟ್ಟನೆ ಕಾಲನ್ನು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದವೂ ಅವೇ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಇಳಿಯುವುದರಿಂದ ಮೊದಲ ಕೆಲವು ವರ್ಷಗಳಲ್ಲಿ ಮೂಳೆಯೂ ವೇಗವಾಗಿ ಸವೆಯುತ್ತದೆ. ಹೀಗಾಗಿ ಬೀಳುವ ಅಪಾಯವೂ ಬಿದ್ದರೆ ಮೂಳೆ ಮುರಿಯುವ ಅಪಾಯವೂ ಜೊತೆಜೊತೆಗೇ ಏರುತ್ತವೆ.

ಈ ವಯಸ್ಸಿನಲ್ಲಿ ಭಾರ ಎತ್ತಬಾರದೆಂಬ ಅಂಜಿಕೆ ಮನೆಯವರಲ್ಲೇ ಹೆಚ್ಚು. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 90ರ ಆಸುಪಾಸಿನ, ಆರೈಕೆ ಕೇಂದ್ರದಲ್ಲಿದ್ದ 10 ಮಂದಿಗೆ 8 ವಾರ ಕಾಲಿನಿಂದ ಭಾರ ಎತ್ತುವ ತರಬೇತಿ ಕೊಡಲಾಯಿತು. ಪೂರ್ಣಗೊಳಿಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟನ್ನೂ ಮೀರಿತು. ಆ ವಯಸ್ಸಿನಲ್ಲೂ ಸ್ನಾಯು ಸ್ಪಂದಿಸುತ್ತದೆ ಎಂಬುದನ್ನು ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ.

ನಾನು ಹೆಚ್ಚಾಗಿ ಕಾಣುವ ತಪ್ಪು ಅತಿಯಾದ ಭಾರವಲ್ಲ, ವರ್ಷಗಟ್ಟಲೆ ಬದಲಾಗದ ಅರ್ಧ ಕಿಲೋ ಡಂಬೆಲ್. 10 ಬಾರಿ ಎತ್ತುವಾಗ ಕೊನೆಯ ಎರಡು ಬಾರಿ ಕಷ್ಟವೆನಿಸಬೇಕು, ಆದರೂ ಭಂಗಿ ಕೆಡಬಾರದು; 12 ಬಾರಿ ಸಲೀಸಾದರೆ ಭಾರವನ್ನು ತುಸು ಏರಿಸಬೇಕು. ಡಂಬೆಲ್ ಇಲ್ಲದವರು ಕುರ್ಚಿಯಿಂದ ಏಳುವುದರಿಂದಲೇ ಆರಂಭಿಸಬಹುದು: ಮೊದಲು ಎತ್ತರದ ಕುರ್ಚಿ, ನಂತರ ತಗ್ಗಿನದು, ಆಮೇಲೆ ಎದೆಗೆ ಅವುಚಿದ ತೂಕ. ಕೂರುವಾಗ ಧೊಪ್ಪನೆ ಕುಸಿಯದೆ ನಿಧಾನವಾಗಿ ಇಳಿಯಬೇಕು, ಏಕೆಂದರೆ ಅರ್ಧದಷ್ಟು ವ್ಯಾಯಾಮ ಆ ಇಳಿಯುವಿಕೆಯಲ್ಲೇ ಇದೆ. ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 65 ದಾಟಿದವರಿಗೆ ಸಮತೋಲನ ಮತ್ತು ಬಲ ಎರಡಕ್ಕೂ ಒತ್ತು ಕೊಡುವ ಚಟುವಟಿಕೆ 3 ದಿನವಾದರೂ ಇರಬೇಕೆನ್ನುತ್ತದೆ.

ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಆದ್ದರಿಂದ ಶ್ರಮದ ಕ್ಷಣದಲ್ಲಿ ಉಸಿರು ಬಿಡಬೇಕು. ಬೆನ್ನುಮೂಳೆ ಟೊಳ್ಳಾಗಿದೆಯೆಂದು ತಿಳಿದವರು ಬೆನ್ನು ಬಾಗಿಸಿ ಭಾರ ಎತ್ತಕೂಡದು. ಅವರೂ ಹೃದ್ರೋಗವಿರುವವರೂ ವೈದ್ಯರನ್ನು ಕೇಳಿ, ತಿಳಿದವರ ಎದುರಿನಲ್ಲೇ ಆರಂಭಿಸುವುದು ಒಳ್ಳೆಯದು. ಒಂದೆರಡು ದಿನ ಸ್ನಾಯುವಿನಲ್ಲಿ ಮೈಕೈ ನೋವಿನಂಥ ಬಿಗಿತ ಸಹಜ. ಕೀಲು ಊದಿಕೊಂಡರೆ ಅಥವಾ ಚುಚ್ಚಿದಂತೆ ನೋವಾದರೆ ಮಾತ್ರ ಭಾರ ಇಳಿಸಿ, ತೋರಿಸಿಕೊಳ್ಳಬೇಕು.