ದೊಡ್ಡ ಲಾ ಫರ್ಮ್‌ನ ಪ್ರೊಫೈಲನ್ನು ಕೆಳಗಿನಿಂದ ಓದಿ

ಗಲ್ಫಿನಲ್ಲಿ ವ್ಯಾಪಾರ ಮಾಡುವ ನಮ್ಮ ಕಾಸರಗೋಡಿನವರ ಕೈಗೆ ಈಚೆಗೆ ದಪ್ಪ ದಪ್ಪ ಕರಾರುಗಳು ಬರುತ್ತಿವೆ. ಉಪ್ಪಳದವರ ಸೂಪರ್ ಮಾರ್ಕೆಟ್‌ಗೆ ಹೊಸ ಪಾಲುದಾರ ಸೇರಿದರೂ, ಕುಂಬಳೆಯವರ ಗೋದಾಮನ್ನು ದೊಡ್ಡ ಕಂಪೆನಿ ಕೊಂಡರೂ, ಕರಾರಿನ ಮೊದಲ ಪುಟದಲ್ಲಿ ಯಾವುದೋ ಇಂಟರ್‌ನ್ಯಾಷನಲ್ ಲಾ ಫರ್ಮ್‌ನ ಹೆಸರು ಇರುತ್ತದೆ. ಊರಿಗೆ ಬಂದಾಗ ಆ ಫರ್ಮ್‌ನ ಪ್ರೊಫೈಲನ್ನು ಮೊಬೈಲಿನಲ್ಲಿ ತೆರೆದು, "ವಕೀಲರೇ, ಇವರು ಹೇಗೆ? ನಂಬಬಹುದಾ?" ಎಂದು ಕೇಳುತ್ತಾರೆ. ಮಗಳು ಕಾನೂನು ಓದುತ್ತಿದ್ದಾಳೆ, ಇಂಥ ಕಡೆ ಕೆಲಸ ಸಿಕ್ಕಿದರೆ ಕಳಿಸಬಹುದಾ ಎನ್ನುವವರೂ ಇದ್ದಾರೆ.

ನಾನು ಅವರ ಮೊಬೈಲ್ ತೆಗೆದುಕೊಂಡು ಮೊದಲು ಪುಟದ ತಳಕ್ಕೆ ಹೋಗುತ್ತೇನೆ. ಮೇಲೆ ಇರುವುದೆಲ್ಲ ಹೆಚ್ಚುಕಡಿಮೆ ಒಂದೇ ಥರ: ಇಷ್ಟು ದೇಶ, ಇಷ್ಟು ಕಚೇರಿ, ಇಷ್ಟು ಸಾವಿರ ವಕೀಲರು, ಗಾಜಿನ ಕಟ್ಟಡದ ಫೋಟೋ. ಅದು ಸುಳ್ಳಲ್ಲ. 1949ರಲ್ಲಿ ಶಿಕಾಗೋದಲ್ಲಿ ಇಬ್ಬರು ವಕೀಲರು ಶುರುಮಾಡಿದ ಬೇಕರ್ ಮೆಕೆಂಜಿಗೆ ಈಗ 40ಕ್ಕೂ ಹೆಚ್ಚು ದೇಶಗಳಲ್ಲಿ 70ಕ್ಕೂ ಹೆಚ್ಚು ಕಚೇರಿ ಉಂಟು. ಮುಂದೆ ಐಎಂಎಫ್‌ಗೂ ಯುರೋಪಿನ ಕೇಂದ್ರ ಬ್ಯಾಂಕಿಗೂ ಮುಖ್ಯಸ್ಥೆಯಾದ ಕ್ರಿಸ್ತೀನ್ ಲಗಾರ್ಡ್ ಒಂದು ಕಾಲಕ್ಕೆ ಅದೇ ಫರ್ಮ್‌ನ ಅಧ್ಯಕ್ಷೆ. ಇಂಥದ್ದನ್ನು ಓದಿದರೆ ಯಾರಿಗಾದರೂ ಭಯ ಭಕ್ತಿ ಬರುತ್ತದೆ, ಅಲ್ವಾ?

ತಳದ ಸಣ್ಣ ಅಕ್ಷರದಲ್ಲಿ ಬೇರೆಯೇ ಕಥೆ ಇರುತ್ತದೆ. ಕೆಲವು ಫರ್ಮ್‌ಗಳ ಪುಟದಲ್ಲಿ "ಸ್ವಿಸ್ ವೆರೈನ್" ಎಂಬ ಮಾತು ಕಾಣುತ್ತದೆ. ಡಿಎಲ್‌ಎ ಪೈಪರ್, ಡೆಂಟನ್ಸ್ ಮೊದಲಾದವು ಬೆಳೆದದ್ದು ಇದೇ ದಾರಿಯಲ್ಲಿ. ವೆರೈನ್ ಎಂದರೆ ಸ್ವಿಟ್ಜರ್‌ಲೆಂಡಿನ ಕಾನೂನಿನ ಪ್ರಕಾರ ಒಂದು ಸಂಘ. ಅದು ಯಾರಿಗೂ ಕಾನೂನು ಸಲಹೆ ಕೊಡುವುದಿಲ್ಲ. ಸಲಹೆ ಕೊಡುವುದು ಅದರ ಸದಸ್ಯ ಫರ್ಮ್‌ಗಳು. ಲಂಡನ್ನಿನದು ಒಂದು, ಅಮೆರಿಕದ್ದು ಇನ್ನೊಂದು, ಆಸ್ಟ್ರೇಲಿಯಾದ್ದು ಮತ್ತೊಂದು. ನಮ್ಮ ಕಡೆಯ ತರವಾಡಿನ, ಅಂದರೆ ಕವಲೊಡೆದ ಹಳೆಯ ಮನೆತನದ ಹಾಗೆ ಎಂದಿಟ್ಟುಕೊಳ್ಳಿ. ಹೆಸರು ಒಂದು, ದೈವದ ಕಾಲಕ್ಕೆ ಎಲ್ಲರೂ ಸೇರುತ್ತಾರೆ. ಆದರೆ ಒಲೆ ಬೇರೆ, ತೋಟ ಬೇರೆ, ಸಾಲವೂ ಬೇರೆ.

ಸಾಲ ಬೇರೆ ಎನ್ನುವುದು ಬರೀ ಕಾಗದದ ಮಾತಲ್ಲ. 2013ರಲ್ಲಿ ಲಂಡನ್ನಿನ ಎಸ್‌ಜೆ ಬರ್ವಿನ್ ಎಂಬ ಫರ್ಮ್, ಚೀನಾ ಮತ್ತು ಆಸ್ಟ್ರೇಲಿಯಾದ ಕಿಂಗ್ ಅಂಡ್ ವುಡ್ ಮ್ಯಾಲಿಸನ್ಸ್ ಜೊತೆ ಸೇರಿ ಅದೇ ಹೆಸರಿಟ್ಟುಕೊಂಡಿತು. 2017ರ ಜನವರಿಯಲ್ಲಿ ಯುರೋಪಿನ ಆ ಭಾಗ ದಿವಾಳಿಯ ಹಂತಕ್ಕೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಚೀನಾದ ಮತ್ತು ಆಸ್ಟ್ರೇಲಿಯಾದ ಕಚೇರಿಗಳು ಅದೇ ಬೋರ್ಡಿನ ಕೆಳಗೆ ಎಂದಿನಂತೆ ಬಾಗಿಲು ತೆರೆದವು. ಲಂಡನ್ನಿನ ಕಚೇರಿಯಿಂದ ಹಣ ಬರಬೇಕಾಗಿದ್ದವರು ಬೀಜಿಂಗಿನವರ ಬಾಗಿಲು ತಟ್ಟುವ ಹಾಗಿರಲಿಲ್ಲ.

ಹಾಗಾಗಿ ನಾನು ಮೊದಲು ಕೇಳುವುದು ಫರ್ಮ್ ಎಷ್ಟು ದೊಡ್ಡದು ಎಂದಲ್ಲ. ಯಾವ ಫರ್ಮ್ ಎಂದು. ಕೆಲಸ ಶುರುಮಾಡುವ ಮೊದಲು ಅವರು ಒಂದು ಎಂಗೇಜ್‌ಮೆಂಟ್ ಪತ್ರ ಕಳಿಸುತ್ತಾರೆ. ಅದರಲ್ಲಿ ಪೂರ್ತಿ ಹೆಸರು ಇರುತ್ತದೆ, ಕೊನೆಯ ಎಲ್‌ಎಲ್‌ಪಿಯೋ (ಹೊಣೆಗೆ ಮಿತಿಯಿರುವ ಪಾಲುದಾರಿಕೆ) ಲಿಮಿಟೆಡ್ಡೋ ಎಲ್ಲ ಸೇರಿಸಿ. ನಾಳೆ ತಪ್ಪು ಸಲಹೆಯಿಂದ ನಷ್ಟವಾದರೆ ನೀವು ಕೇಳಬೇಕಾದ್ದು ಆ ಹೆಸರಿನವರನ್ನು. ಜೊತೆಗೆ ತಮ್ಮ ಹೊಣೆ ಇಷ್ಟೇ ಮೊತ್ತಕ್ಕೆ ಎಂಬ ಮಿತಿಯೂ ಅದರಲ್ಲೇ ಇರುತ್ತದೆ. ಇಂಗ್ಲೆಂಡಿನಲ್ಲಿ ಎಲ್‌ಎಲ್‌ಪಿಯಾಗಿರುವ ಸಾಲಿಸಿಟರ್ (ಅಲ್ಲಿನ ವಕೀಲರು) ಫರ್ಮ್‌ಗಳಿಗೆ ಕಡಿಮೆಯೆಂದರೆ 30 ಲಕ್ಷ ಪೌಂಡಿನ ವಿಮೆ ಕಡ್ಡಾಯ, ಹೊಣೆಯ ಮಿತಿಯನ್ನು ಅದಕ್ಕಿಂತ ಕೆಳಗೆ ಇಳಿಸುವ ಹಾಗಿಲ್ಲ. ಎಲ್ಲ ದೇಶದಲ್ಲೂ ಈ ನಿಯಮ ಇದೆ ಎಂದುಕೊಳ್ಳಬೇಡಿ.

ಅದೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಉಂಟು. ಇಂಗ್ಲೆಂಡಿನ ಫರ್ಮ್‌ಗಳು, ತಾವು ಪಾರ್ಟ್‌ನರ್ ಎಂದು ಕರೆಯುವವರು ಎಲ್‌ಎಲ್‌ಪಿಯ ಸದಸ್ಯರಿರಬಹುದು, ಅಥವಾ ಅದಕ್ಕೆ ಸಮಾನ ದರ್ಜೆಯ ನೌಕರರಿರಬಹುದು ಎಂದು ಬರೆದಿರುತ್ತವೆ. ಅಂದರೆ ಪಾರ್ಟ್‌ನರ್ ಎಂಬ ಕಾರ್ಡು ಕೊಟ್ಟವರೆಲ್ಲ ಮಾಲೀಕರಲ್ಲ. ಲಾಭದಲ್ಲಿ ಪಾಲಿರುವ ಈಕ್ವಿಟಿ ಪಾರ್ಟ್‌ನರ್‌ಗಳು ಬೇರೆ, ಸಂಬಳದ ಪಾರ್ಟ್‌ನರ್‌ಗಳು ಬೇರೆ. ಅವರ ಕೆಳಗೆ ಕೌನ್ಸೆಲ್, ಸೀನಿಯರ್ ಅಸೋಸಿಯೇಟ್, ಅಸೋಸಿಯೇಟ್, ಟ್ರೈನಿ. ನಿಮ್ಮ ಜೊತೆ ಮೊದಲ ದಿನ ಕಾಫಿ ಕುಡಿಯುವವರು ಪಾರ್ಟ್‌ನರ್. ನಿಮ್ಮ ಕರಾರನ್ನು ರಾತ್ರಿ ಹನ್ನೆರಡಕ್ಕೆ ಬರೆಯುವವರು ಮೂರನೇ ವರ್ಷದ ಅಸೋಸಿಯೇಟ್. ಇದರಲ್ಲಿ ತಪ್ಪೇನಿಲ್ಲ, ನಮ್ಮ ಆಫೀಸಿನಲ್ಲೂ ವಾದಪತ್ರದ ಮೊದಲ ಕರಡು ಬರೆಯುವುದು ಜೂನಿಯರೇ. ಆದರೆ ಯಾರ ಗಂಟೆಗೆ ಎಷ್ಟು ಎಂದು ಮೊದಲೇ ಕೇಳಿಕೊಳ್ಳಬೇಕು.

ಯಾಕೆಂದರೆ ಅಲ್ಲಿ ಬಿಲ್ಲು ಗಂಟೆಯ ಲೆಕ್ಕ. ಬರೀ ಗಂಟೆಯೂ ಅಲ್ಲ, ಆರು ನಿಮಿಷಕ್ಕೆ ಒಂದು ಯೂನಿಟ್, ಅಂದರೆ 0.1 ಗಂಟೆ. ಒಂದು ಇಮೇಲ್ ಓದಿದರು: 0.1. ನೀವು ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದಿರಿ: 0.2. ಆ ಫೋನಿನಲ್ಲಿ ಇಬ್ಬರು ವಕೀಲರು ಕೂತಿದ್ದರೆ ಇಬ್ಬರದ್ದೂ 0.2. ತಿಂಗಳ ಕೊನೆಗೆ ಬರುವ ಬಿಲ್ಲಿನಲ್ಲಿ ಇದೆಲ್ಲ ಸಾಲು ಸಾಲಾಗಿ ಇರುತ್ತದೆ. ಊರಿನ ವಕೀಲರಿಗೆ ಹಬ್ಬದ ಶುಭಾಶಯ ಹೇಳಲು ಫೋನ್ ಮಾಡಿ, ಹಾಗೇ ಕೇಸಿನ ವಾಯಿದೆ ಕೇಳುವ ಅಭ್ಯಾಸ ಇರುವವರು ಸ್ವಲ್ಪ ಜಾಗ್ರತೆ. (ನಾವೇನಾದರೂ ಫೋನಿಗೆ ದುಡ್ಡು ಕೇಳಿದರೆ ಮರುದಿನವೇ ಕಕ್ಷಿದಾರರು ಫೈಲ್ ವಾಪಸ್ ಕೇಳಲು ಬರುತ್ತಾರೆ!)

ಪ್ರೊಫೈಲಿನ ಮಧ್ಯದಲ್ಲಿ ರ್‍ಯಾಂಕಿಂಗ್‌ಗಳು. ಚೇಂಬರ್ಸ್, ಲೀಗಲ್ 500 ಎಂಬ ಮಾರ್ಗದರ್ಶಿಗಳು ಫರ್ಮ್‌ಗಳನ್ನು ವಿಷಯವಾರು ದರ್ಜೆಗಳಲ್ಲಿ ಇಡುತ್ತವೆ. ಫರ್ಮ್‌ಗಳೇ ತಮ್ಮ ಕೆಲಸದ ವಿವರವನ್ನೂ, ಯಾರನ್ನು ವಿಚಾರಿಸಬಹುದು ಎಂಬ ಕಕ್ಷಿದಾರರ ಪಟ್ಟಿಯನ್ನೂ ಕೊಡುತ್ತವೆ. ಆಮೇಲೆ ಮಾರ್ಗದರ್ಶಿಯವರು ವಿಚಾರಿಸಿ ಬರೆಯುತ್ತಾರೆ. ಇದಕ್ಕೆ ಸ್ವಲ್ಪ ಬೆಲೆ ಕೊಡಬಹುದು. ಆದರೆ "ಇಷ್ಟು ಶತಕೋಟಿ ಡಾಲರ್ ವ್ಯವಹಾರ ಮಾಡಿಸಿದೆವು" ಎಂಬ ಅಂಕಿಗೆ ನಾನು ಬೆಲೆ ಕೊಡುವುದಿಲ್ಲ. ನೂರು ಕೋಟಿ ಡಾಲರಿಗೆ ಒಂದು ಕಂಪೆನಿ ಮಾರಾಟವಾದರೆ, ಕೊಂಡವರ ಫರ್ಮ್ ನೂರು ಕೋಟಿ ಎಂದು ಬರೆದುಕೊಳ್ಳುತ್ತದೆ, ಮಾರಿದವರ ಫರ್ಮ್ ಕೂಡ ಅದೇ ನೂರು ಕೋಟಿ ಬರೆದುಕೊಳ್ಳುತ್ತದೆ. ಸಮಾಜಸೇವೆ, ಪರಿಸರ ಇತ್ಯಾದಿ ಪುಟಗಳನ್ನು ಪುರುಸೊತ್ತು ಇದ್ದಾಗ ಓದಿ.

ಇನ್ನು "ನಾವು ಎಲ್ಲೆಡೆ ಇದ್ದೇವೆ" ಎಂಬ ಮಾತು. ಕಾನೂನಿಗೆ ಊರು ಉಂಟು ಎನ್ನುವುದು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಗಡಿಯ ತಲಪಾಡಿಯ ಈಚೆ ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಬರುವ) ಕೂಡು ಕುಟುಂಬ 1975ರ ಕೇರಳ ಕಾಯಿದೆಯಿಂದ ಮುಗಿಯಿತು. ಆಚೆ, ಕರ್ನಾಟಕದಲ್ಲಿ, ಆ ಕಾಯಿದೆ ಇಲ್ಲ, ಅಲ್ಲಿ 1949ರ ಅಳಿಯಸಂತಾನ ಕಾಯಿದೆಯನ್ನು ನೋಡಬೇಕು. ಒಂದೇ ಕುಟುಂಬದ ಆಸ್ತಿ ಗಡಿಯ ಎರಡೂ ಕಡೆ ಇದ್ದರೆ ಪಾಲಿನ ಪ್ರಶ್ನೆಗೆ ಎರಡು ಕಾನೂನಿನಲ್ಲಿ ಉತ್ತರ ಹುಡುಕಬೇಕು. ಒಂದೇ ದೇಶದ ಎರಡು ರಾಜ್ಯದಲ್ಲೇ ಹೀಗಾದರೆ 40 ದೇಶದ ಮಾತು ಕೇಳಬೇಕೆ?

ಭಾರತದ ವಿಷಯದಲ್ಲಂತೂ ಇದು ಸ್ಪಷ್ಟವಾಗಿದೆ. ವಿದೇಶಿ ಫರ್ಮ್‌ಗಳು ಇಲ್ಲಿ ವಕೀಲಿ ನಡೆಸುವ ಹಾಗಿಲ್ಲ, ಅಪರೂಪಕ್ಕೆ ಬಂದು ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಟ್ಟು ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಎ.ಕೆ. ಬಾಲಾಜಿ ಪ್ರಕರಣದಲ್ಲಿ ಹೇಳಿತು. 2023ರಲ್ಲಿ ವಕೀಲರನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ ನಿಯಮ ತಂದು, ನೋಂದಣಿ ಮಾಡಿಸಿಕೊಂಡವರಿಗೆ ಕೋರ್ಟಿನ ಹೊರಗಿನ ಕೆಲಸಕ್ಕೆ, ವಿದೇಶಿ ಕಾನೂನಿನ ಮಟ್ಟಿಗೆ, ಬಾಗಿಲು ಸ್ವಲ್ಪ ತೆರೆಯಿತು. 2025ರಲ್ಲಿ ಅದಕ್ಕೆ ತಿದ್ದುಪಡಿಯೂ ಬಂತು. ಆದರೆ ಕೋರ್ಟಿನಲ್ಲಿ ನಿಂತು ವಾದಿಸುವುದು ಇಲ್ಲಿನ ವಕೀಲರೇ. ಪ್ರೊಫೈಲಿನಲ್ಲಿ "ಇಂಡಿಯಾ ಡೆಸ್ಕ್" ಎಂದಿದ್ದರೆ ಆ ಮೇಜು ಹೆಚ್ಚಾಗಿ ಲಂಡನ್ನಿನಲ್ಲೋ ಸಿಂಗಾಪುರದಲ್ಲೋ ಇರುತ್ತದೆ.

ಭಾರತದ ದೊಡ್ಡ ಫರ್ಮ್‌ಗಳ ಪುಟ ತೆರೆದರೆ ಮೊದಲು ಒಂದು ಪೆಟ್ಟಿಗೆ ಬಂದು "ಇದು ಜಾಹೀರಾತು ಅಲ್ಲ, ಒಪ್ಪಿದ್ದೇನೆ" ಎಂದು ಒತ್ತಿಸಿಕೊಳ್ಳುತ್ತದಲ್ಲ, ಅದಕ್ಕೂ ಕಾರಣ ಉಂಟು. ಬಾರ್ ಕೌನ್ಸಿಲ್‌ನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡಬಾರದು. 2008ರಲ್ಲಿ ವೆಬ್‌ಸೈಟಿಗೆ ಅನುಮತಿ ಸಿಕ್ಕಿದ್ದು ಹೆಸರು, ವಿಳಾಸ, ಎನ್‌ರೋಲ್‌ಮೆಂಟ್, ವಿದ್ಯಾರ್ಹತೆ, ಯಾವ ವಿಷಯದಲ್ಲಿ ಕೆಲಸ ಎಂಬಷ್ಟಕ್ಕೆ ಮಾತ್ರ. ಪುಟ ಸಪ್ಪೆಯಾಗಿದೆ ಎಂದು ಫರ್ಮ್ ಸಪ್ಪೆ ಎಂದುಕೊಳ್ಳಬೇಡಿ.

ಮಗಳ ಕೆಲಸದ ಬಗ್ಗೆ ಕೇಳಿದ ಅಪ್ಪಂದಿರಿಗೆ: ಸಂಬಳ ನಿಜ. ನ್ಯೂಯಾರ್ಕಿನ ದೊಡ್ಡ ಫರ್ಮ್‌ಗಳಲ್ಲಿ ಮೊದಲ ವರ್ಷದ ಅಸೋಸಿಯೇಟಿಗೆ 2023ರ ಕೊನೆಯಿಂದ ವರ್ಷಕ್ಕೆ 2,25,000 ಡಾಲರ್. ಅದಕ್ಕೆ ಬದಲಾಗಿ ವರ್ಷಕ್ಕೆ ಎರಡು ಸಾವಿರದ ಹತ್ತಿರ ಬಿಲ್ ಮಾಡಬಹುದಾದ ಗಂಟೆ ತೋರಿಸಬೇಕು. ಊಟ, ಮೀಟಿಂಗ್, ಸುಮ್ನೆ ಕೂತದ್ದು ಲೆಕ್ಕಕ್ಕಿಲ್ಲ. ದೊಡ್ಡ ಹೆಸರು ಎಂದರೆ ಭದ್ರ ಕೆಲಸ ಎಂದೂ ಅಲ್ಲ. 2007ರಲ್ಲಿ ಎರಡು ಹಳೆಯ ಫರ್ಮ್‌ಗಳು ಸೇರಿ ಆದ ಡ್ಯೂಯಿ ಅಂಡ್ ಲೆಬಫ್, ಪಾರ್ಟ್‌ನರ್‌ಗಳಿಗೆ ಇಷ್ಟು ಕೊಟ್ಟೇ ಕೊಡುತ್ತೇವೆ ಎಂದು ಮಾತು ಕೊಟ್ಟು, ಸಾಲ ತೀರಿಸಲಾಗದೆ 2012ರಲ್ಲಿ ದಿವಾಳಿಯಾಯಿತು. ಸೇರುವುದಾದರೆ ಸೇರಲಿ. ಅಲ್ಲಿ ಕರಾರು ಬರೆಯುವ ಶಿಸ್ತು ಕಲಿಯಬಹುದು, ಅದು ಇಲ್ಲಿ ಕಲಿಯಲು ಸಿಗುವುದು ಕಷ್ಟ.

ಕರಾರು ಹಿಡಿದುಕೊಂಡು ಬರುವವರಿಗೆ ಒಂದು ವಿಷಯ ಮುಖ್ಯ. ಆ ಮೊದಲ ಪುಟದ ಫರ್ಮ್ ಹೆಚ್ಚಿನ ಸಲ ಎದುರು ಪಕ್ಷದ್ದು. ಅವರು ಎಷ್ಟೇ ಒಳ್ಳೆಯವರಾದರೂ ನಿಮ್ಮ ವಕೀಲರಲ್ಲ. ಕೊನೆಯ ಪುಟಗಳಲ್ಲಿ ವ್ಯಾಜ್ಯ ಎಲ್ಲಿ ನಡೆಯಬೇಕು ಎಂಬ ಕಲಮು ಇರುತ್ತದೆ, ಅದನ್ನು ಮೊದಲು ಓದಿ. ಲಂಡನ್ನಿನ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥಗಾರರ ತೀರ್ಪು) ಎಂದಿದ್ದರೆ ಅದರ ತೀರ್ಪು ಜಾರಿಗೆ ಬರುವುದು ಎರ್ನಾಕುಳದ ಹೈಕೋರ್ಟಿನ ಮೂಲಕ. ದುಬೈ ಕೋರ್ಟ್ ಅಥವಾ ಅಲ್ಲಿನ ಹಣಕಾಸು ಕೇಂದ್ರದ ಡಿಐಎಫ್‌ಸಿ ಕೋರ್ಟ್ ಎಂದಿದ್ದರೆ ದಾರಿ ಇನ್ನೂ ಹತ್ತಿರ. 2020ರ ಜನವರಿಯಲ್ಲಿ ಕೇಂದ್ರ ಸರಕಾರ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಸೇರಿಸಿತು. ಅಂದಿನಿಂದ ಅಲ್ಲಿನ ಹಣದ ಡಿಕ್ರಿಯ ದೃಢೀಕೃತ ಪ್ರತಿ ತಂದು ಇಲ್ಲಿನ ಜಿಲ್ಲಾ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ ಹಾಕಬಹುದು. ದಾವೆ ಮತ್ತೆ ಹೊಸದಾಗಿ ಹೂಡಬೇಕಾಗಿಲ್ಲ. ದುಬೈಯಲ್ಲಿ ಮಾಡಿದ ಸಹಿಗೆ ಕಾಸರಗೋಡು ವಿದ್ಯಾನಗರದ ಜಿಲ್ಲಾ ಕೋರ್ಟಿನಿಂದ ನೋಟೀಸು ಬಂದು, ಮಂಜೇಶ್ವರದ ಅಡಿಕೆ ತೋಟ ಜಪ್ತಿಯ ಪಟ್ಟಿಗೆ ಸೇರಬಹುದು. ಸಹಿ ಮಾಡುವ ಮೊದಲು ತೋರಿಸಿ. ನನಗೇ ಆಗಬೇಕೆಂದಿಲ್ಲ, ನಿಮ್ಮ ಪರವಾಗಿ ಓದುವ ಯಾರಿಗಾದರೂ ಸರಿ.